ಪ್ರಾಣ ಉಳಿದ ಮೇಲಿನ ಚಿಕಿತ್ಸೆ



ಕುಟುಂಬ ಕಲ್ಯಾಣವೆಂದೊಡನೆ ಗರ್ಭಿಣಿಯ ಆರೈಕೆ, ಮಕ್ಕಳ ಚುಚ್ಚುಮದ್ದು, ಹೆರಿಗೆಗಳ ನಡುವಣ ಅಂತರ ಇವು ನೆನಪಿಗೆ ಬರುವುದು ಸಹಜ. ಇಂದು ನಾನು ಹೇಳಹೊರಟಿರುವುದು ಜನರು ಗಟ್ಟಿಯಾಗಿ ಆಡಲು ಅಂಜುವ ವಿಷಯ. ಮನೆಯವರೊಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳಲು ಯತ್ನಿಸಿ, ಆಸ್ಪತ್ರೆ ಸೇರಿ, ಬದುಕಿ ಉಳಿದಿದ್ದಾರೆ. ಅವರು ನಿಮ್ಮ ಪತ್ನಿಯಿರಬಹುದು, ಪತಿಯಿರಬಹುದು, ಬೆಳೆದ ಮಗನೋ ಸೊಸೆಯೋ ಇರಬಹುದು. ಆಮೇಲೆ ಮಾಡತಕ್ಕದ್ದೇನು?

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲ ದಿನ ಬಂಧುಬಳಗವೆಲ್ಲ ಹಾಸಿಗೆಯ ಸುತ್ತ ನೆರೆಯುತ್ತದೆ. ಎರಡನೆಯ ದಿನ ರೋಗಿಯು ಕಣ್ಣು ತೆರೆದು ಎರಡು ಗುಟುಕು ಗಂಜಿ ಕುಡಿದೊಡನೆ, "ಡಾಕ್ಟರೇ, ಮನೆಗೆ ಕಳುಹಿಸಿಕೊಡಿ, ದನಕರು ನೋಡುವವರಿಲ್ಲ" ಎಂಬ ಒತ್ತಾಯ ಆರಂಭವಾಗುತ್ತದೆ. ದನಕರುಗಳ ಚಿಂತೆ ನಿಜವೇ. ಆದರೆ ಅದರ ಹಿಂದೆ ಪೊಲೀಸರ ಭಯವೂ ಊರವರ ಬಾಯಿಯ ಭಯವೂ ಅಡಗಿರುತ್ತವೆ.

ಅವಸರ ಕೂಡದು. ಕೀಟನಾಶಕವು ದೇಹವನ್ನು ಸೇರಿದವರಲ್ಲಿ ಕೆಲವರು ಮೊದಲು ಚೇತರಿಸಿಕೊಂಡಂತೆ ಕಂಡರೂ, ಒಂದರಿಂದ ನಾಲ್ಕು ದಿನಗಳೊಳಗೆ ಅವರ ಕುತ್ತಿಗೆಯ ಹಾಗೂ ಉಸಿರಾಟದ ಸ್ನಾಯುಗಳು ಸೋಲುವುದುಂಟು. ಆ ಹೊತ್ತಿನಲ್ಲಿ ಅವರು ಆಸ್ಪತ್ರೆಯಲ್ಲಿಯೇ ಇರಬೇಕು. ಮತ್ತೆ, ವಿಷ ಇಳಿಸಲು ಕೊಡುವ ಅಟ್ರೋಪಿನ್ ಎಂಬ ಚುಚ್ಚುಮದ್ದಿನಿಂದ ಕೆಲವರು ಅಸಂಬದ್ಧವಾಗಿ ಮಾತನಾಡುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈಯಾಡಿಸುತ್ತಾರೆ. ಅದು ಹುಚ್ಚಲ್ಲ, ಗಾಳಿಸೋಕೂ ಅಲ್ಲ. ಔಷಧದ ಪ್ರಭಾವ ಇಳಿದಂತೆ ಅದೂ ಇಳಿಯುತ್ತದೆ. ಮನಸ್ಸಿನ ಪರೀಕ್ಷೆಯನ್ನು ಆ ಬಳಿಕವೇ ಮಾಡಬೇಕಾಗುತ್ತದೆ. ಮನೆಗೆ ಹೋಗುವ ಮುನ್ನ ಅದು ಆಗಲೇಬೇಕು.

ಪೊಲೀಸರ ಮಾತಿಗೆ ಬರೋಣ. ಇಂತಹ ಪ್ರಕರಣವನ್ನು ವೈದ್ಯರು ಪೊಲೀಸು ಠಾಣೆಗೆ ತಿಳಿಸುವ ವಾಡಿಕೆಯಿದೆ. ಅದನ್ನು ಕಂಡು ಹೆದರಿ "ತಪ್ಪಿ ಕುಡಿದರು" ಎಂದು ಹೇಳಿಸುವವರೇ ಹೆಚ್ಚು. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 115ನೇ ಪ್ರಕರಣದಂತೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮನೋವೇದನೆಗೆ ಒಳಗಾದವರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಆ ಯತ್ನವನ್ನು ಅಪರಾಧವೆಂದು ಸಾರುತ್ತಿದ್ದ ಭಾರತ ದಂಡ ಸಂಹಿತೆಯ 309ನೇ ಪ್ರಕರಣವು 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿಲ್ಲ. ಆದುದರಿಂದ ವೈದ್ಯರೆದುರು ನಿಜ ಹೇಳಲು ಅಂಜಬೇಕಾಗಿಲ್ಲ. ಸುಳ್ಳು ಹೇಳಿದರೆ ರೋಗಿಗೆ ಅರ್ಧ ಚಿಕಿತ್ಸೆ ಮಾತ್ರ ದೊರೆಯುತ್ತದೆ.

ಮನಸ್ಸಿನ ಪರೀಕ್ಷೆಗೆ ಯಂತ್ರವಿಲ್ಲ, ಸೂಜಿಯಿಲ್ಲ, ಅದು ಮಾತುಕತೆ. ಆ ದಿನ ಏನು ನಡೆಯಿತು, ಸಾಯಲೇಬೇಕೆಂಬ ಇಚ್ಛೆಯಿತ್ತೇ ಅಥವಾ ಸಂಕಟದಿಂದ ಪಾರಾದರೆ ಸಾಕೆನಿಸಿತ್ತೇ, ಮೊದಲೇ ಯೋಚಿಸಿದ್ದರೇ ಅಥವಾ ಆ ಕ್ಷಣದ ಸಿಟ್ಟೇ, ಹಿಂದೆಯೂ ಹೀಗಾಗಿತ್ತೇ, ಬದುಕಿ ಉಳಿದುದಕ್ಕೆ ಈಗ ಏನೆನಿಸುತ್ತಿದೆ ಎಂದು ವೈದ್ಯರು ಕೇಳುತ್ತಾರೆ. ನಸುಕಿನಲ್ಲಿಯೇ ಎಚ್ಚರವಾಗುವುದು, ಊಟ ಸೇರದಿರುವುದು, ತಾನು ಮನೆಗೆ ಭಾರವೆಂಬ ಭಾವನೆ, ಕುಡಿತ, ಸಾಲ, ತೀರದ ಹೊಟ್ಟೆನೋವು, ಹೊಡೆತಬಡಿತ, ವರದಕ್ಷಿಣೆಯ ಕಾಟ, ಬಾಣಂತನದ ಬಳಿಕ ಕವಿದ ಮಂಕು, ಎಲ್ಲವನ್ನೂ ವಿಚಾರಿಸುತ್ತಾರೆ. ಸಾವಿನ ಮಾತೆತ್ತಿದರೆ ಮರೆತುದನ್ನು ನೆನಪಿಸಿದಂತಾಗುವುದೆಂದು ಹಿರಿಯರು ತಡೆಯುವುದುಂಟು. ಅದು ತಪ್ಪು ತಿಳಿವಳಿಕೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎದೆಯೊಳಗೆ ಒಬ್ಬರೇ ಹೊತ್ತಿದ್ದುದನ್ನು ಇಳಿಸಲು ಅವಕಾಶ ಸಿಕ್ಕಂತಾಗುತ್ತದೆ.

ಈ ಮಾತುಕತೆ ಏಕಾಂತದಲ್ಲಿ ನಡೆಯಬೇಕು. ಅತ್ತೆಯ ಮಾತಿನಿಂದ ನೊಂದವಳು ಅತ್ತೆಯ ಮುಂದೆ ಬಾಯಿ ಬಿಡುವಳೇ? ಪತ್ನಿಗೆ ತಿಳಿಯದಂತೆ ಸಾಲ ಮಾಡಿದವನು ಪತ್ನಿಯೆದುರು ಲೆಕ್ಕ ಒಪ್ಪಿಸುವನೇ? ವೈದ್ಯರು "ಸ್ವಲ್ಪ ಹೊರಗಿರಿ" ಎಂದರೆ ಅದನ್ನು ಅವಮಾನವೆಂದು ಎಣಿಸದೆ ಎದ್ದು ಹೋಗಿ. ಅನಂತರ ನಿಮ್ಮನ್ನೂ ಬೇರೆಯಾಗಿ ಕರೆದು ಕೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಇಲ್ಲದಿದ್ದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಬರುವುದೆಂದು ವಿಚಾರಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದ ಏರ್ಪಾಡೇ 1996ರಲ್ಲಿ ಆರಂಭವಾದ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಬರೀ ಮಾತಿನಿಂದ ಏನಾದೀತೆಂದು ಕೇಳುವವರಿದ್ದಾರೆ. ಚೆನ್ನೈ, ಕೊಲಂಬೊ ಮೊದಲಾದ ಐದು ಊರುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ 1,867 ರೋಗಿಗಳ ಅಧ್ಯಯನ ನಡೆಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿನವರೊಡನೆ ಮನೆಗೆ ಹೋಗುವ ಹೊತ್ತಿನಲ್ಲಿ ಒಂದು ಗಂಟೆ ಮಾತನಾಡಿ, ಮುಂದಿನ 18 ತಿಂಗಳಲ್ಲಿ 9 ಬಾರಿ ಫೋನಿನ ಮೂಲಕವೋ ಮನೆಗೆ ಹೋಗಿಯೋ ಯೋಗಕ್ಷೇಮ ವಿಚಾರಿಸಿದರು. ಮೊದಲ ಗುಂಪಿನಲ್ಲಿ ನೂರಕ್ಕೆ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಎರಡನೆಯದರಲ್ಲಿ 0.2 ಮಾತ್ರ. ದುಬಾರಿ ಔಷಧವಲ್ಲ, ಯಂತ್ರವಲ್ಲ. ನೆನಪಿಟ್ಟು ಕೇಳುವವರೊಬ್ಬರಿದ್ದರು, ಅಷ್ಟೆ.

ಮನೆಗೆ ಮರಳಿದ ಮೊದಲ ವಾರಗಳೇ ಹೆಚ್ಚು ಅಪಾಯದವು. ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ಹಾಗೆಂದು ಕಾವಲು ಕಾಯುವಂತೆಯೂ ಕೂರಬೇಡಿ. ಹೊಲದ ಔಷಧಗಳನ್ನು ಮನೆಯಿಂದಲೇ ಸಾಗಿಸಿ, ಬೇರೆಡೆ ಬೀಗ ಹಾಕಿಸಿ, ಬೀಗದ ಕೈಯನ್ನು ಮತ್ತೊಬ್ಬರಲ್ಲಿಡಿ. ಸಿಟ್ಟಿನ ಆ ಗಳಿಗೆ ಎಷ್ಟೋ ವೇಳೆ ಅಲ್ಪಕಾಲದ್ದು, ಕೈಗೆ ಸಿಗದಿದ್ದರೆ ದಾಟಿಹೋಗುತ್ತದೆ. "ನಾಟಕ ಮಾಡಿದೆ", "ಮನೆತನದ ಮಾನ ಕಳೆದೆ" ಎಂಬ ಮಾತುಗಳು ಬೇಡ. ಊರ ಹಿರಿಯರನ್ನು ಕೂಡಿಸಿ ಪಂಚಾಯಿತಿ ಮಾಡಿಸುವುದಂತೂ ಕೂಡದು; ವಾಸಿಯಾಗದ ಗಾಯವನ್ನು ಸಂತೆಯಲ್ಲಿ ಬಿಚ್ಚಿದಂತೆ ಅದು. ದೇವರ ಹರಕೆ ಇದ್ದರೆ ತೀರಿಸಿಕೊಳ್ಳಿ, ಅದರೊಡನೆ ಮಾತ್ರೆಯೂ ನಡೆಯಲಿ. ಖಿನ್ನತೆಯ ಮಾತ್ರೆಗಳು ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು. ಅವು ನಿದ್ದೆ ಬರಿಸಲು ಕೊಟ್ಟವೆಂದು ತಿಳಿದು ನಡುವೆ ನಿಲ್ಲಿಸಬೇಡಿ. ಮಾತ್ರೆಯ ಪೊಟ್ಟಣ ನಿಮ್ಮ ಕೈಯಲ್ಲಿರಲಿ, ದಿನದಿನದ್ದು ದಿನದಿನ ಕೊಡಿ.

ಸಂಕಟಕ್ಕೆ ಮನೆಯೊಳಗಿನ ಹಿಂಸೆಯೇ ಕಾರಣವಾಗಿದ್ದರೆ, ಮಾತ್ರೆಯೊಂದೇ ಸಾಲದು. ಮಹಿಳೆಯರು 181ಕ್ಕೆ ಕರೆ ಮಾಡಬಹುದು, ಜಿಲ್ಲಾ ಕೇಂದ್ರದ ಸಖಿ ಕೇಂದ್ರಕ್ಕೂ ಹೋಗಬಹುದು. ನಡುರಾತ್ರಿಯಲ್ಲಿ ಮನಸ್ಸು ಕುಸಿದರೆ, ರೋಗಿಗಾಗಲಿ ನಿಮಗಾಗಲಿ, 14416 ಎಂಬ ಟೆಲಿ ಮಾನಸ್ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವವರು ದೊರೆಯುತ್ತಾರೆ. ಹಗಲಿರುಳು ಲಭ್ಯ, ಶುಲ್ಕವಿಲ್ಲ.

ಮೊದಲ ಮರುಭೇಟಿಯನ್ನು ಮನೆಗೆ ಹೋದ ಒಂದು ವಾರದೊಳಗೆ ಇಟ್ಟುಕೊಳ್ಳಿ. ದಿನವನ್ನು ಚೀಟಿಯ ಮೇಲೆ ಬರೆಸಿಕೊಂಡು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಬರುವಾಗ ದಂಪತಿಗಳಿಬ್ಬರೂ ಬನ್ನಿ, ಉಳಿದ ಮಾತ್ರೆಗಳನ್ನು ಜೊತೆಯಲ್ಲಿ ತನ್ನಿ.