ಎತ್ತು ಬಿಡುವ ಹೊತ್ತು
(ಸಂಘದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ)



ನನ್ನ ತಂದೆ ತೀರಿಕೊಂಡ ಸುದ್ದಿ ತಿಳಿದು ನಿಮ್ಮಲ್ಲಿ ಅನೇಕರು ಮನೆಗೆ ಬಂದು ಸಮಾಧಾನ ಹೇಳಿದಿರಿ. ಕೆಲವರು ಪಾಳಿ ಮುಗಿಸಿ ರಾತ್ರಿ ಹನ್ನೆರಡಕ್ಕೆ ಫೋನು ಮಾಡಿದಿರಿ. ಅವರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಮೊದಲು ಬೇಡವೆಂದೆ. ಸಂಘದ ವೇದಿಕೆ ಮನೆಯ ದುಃಖ ಹೇಳಿಕೊಳ್ಳುವುದಕ್ಕಲ್ಲ. “ನಿನ್ನ ಅಪ್ಪಯ್ಯ ನಮ್ಮ ಸದಸ್ಯರಲ್ಲದಿದ್ದರೇನು, ದುಡಿದವರಲ್ಲವೇ?” ಎಂದು ಅವರು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಏಳನೆಯ ತರಗತಿ ಮುಗಿಸಿ ಬಂದವನು ನಾನು. ಭಾಷಣದ ಭಾಷೆ ಬಾರದು. ಕಂಡದ್ದನ್ನೂ ಕೇಳಿದ್ದನ್ನೂ ಹೇಳುತ್ತೇನೆ.

ಕುಂದಾಪುರ ತಾಲೂಕಿನಲ್ಲಿ ಹಾಲಾಡಿಯ ಆಸುಪಾಸಿನ ಹಳ್ಳಿ ನಮ್ಮದು. ವಾರಾಹಿ ಹೊಳೆ ದೂರವಿಲ್ಲ. ಎರಡೆಕರೆ ಗದ್ದೆ, ಅದರ ಮೇಲೆ ಗುಡ್ಡೆ, ಗುಡ್ಡೆಯ ಆಚೆ ಹಾಡಿ. ಎಪ್ಪತ್ತೆಂಟು ವರ್ಷದಲ್ಲಿ ಒಂದು ವರ್ಷವನ್ನು ಬಿಟ್ಟರೆ ಉಳಿದುದೆಲ್ಲವನ್ನೂ ಅಪ್ಪಯ್ಯ ಅಲ್ಲಿಯೇ ಕಳೆದರು. ಊಟಕ್ಕೂ ನಿದ್ದೆಗೂ ಮಾತ್ರ ಅವರಿಗೆ ಮಾಡು ಬೇಕಾಗಿತ್ತು. ಜೋರು ಮಳೆಯಲ್ಲೂ ಗೊರಬು ಹಾಕಿಕೊಂಡು ಕಂಟದ ಮೇಲೆ ಒಂದು ಸುತ್ತು ಬಾರದೆ ಅವರಿಗೆ ಗಂಜಿ ಸೇರುತ್ತಿರಲಿಲ್ಲ.

ಬೊಜ್ಜದ ದಿನ ಊಟಕ್ಕೆ ಬಂದವರೆಲ್ಲ ಒಂದೇ ಮಾತು ಹೇಳಿದರು: “ಎತ್ತಿನ ಹಾಗೆ ದುಡಿದ ಮನುಷ್ಯ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಈ ಮಾತನ್ನು ಮುಂಬಯಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಬೇರೆ ಬಾಯಿಗಳಲ್ಲಿ ಕೇಳುತ್ತಾ ಬಂದಿದ್ದೇನೆ. “ಕುಂದಾಪುರದ ಹುಡುಗರು ಬಹಳ ಕಷ್ಟಸಹಿಷ್ಣುಗಳು” ಎಂದು ಗಲ್ಲೆಯ ಮೇಲೆ ಕುಳಿತವರು ಹೊಗಳುತ್ತಾರೆ. ಹೊಗಳಿಕೆಗೆ ಓವರ್‌ಟೈಮ್ ಕೊಡಬೇಕಾಗಿಲ್ಲವಷ್ಟೆ.

ಎತ್ತಿನ ದುಡಿಮೆ ಹೇಗಿರುತ್ತದೆಂದು ನಿಮ್ಮಲ್ಲಿ ಹಳ್ಳಿ ಬಿಟ್ಟು ಬಂದವರಿಗೆ ನೆನಪಿರಬಹುದು. ಕೋಳಿ ಕೂಗುವ ಹೊತ್ತಿಗೆ ಅಪ್ಪಯ್ಯ ಹೂಟಿ ಕಟ್ಟುತ್ತಿದ್ದರು. ಬಿಸಿಲು ಏರಿತೆಂದರೆ ಒಂದು ಸಾಲು ಉಳಿದಿದ್ದರೂ ನೊಗ ಇಳಿಸುತ್ತಿದ್ದರು. ಎತ್ತುಗಳನ್ನು ಮೀಯಿಸಿ, ಹುಲ್ಲು ಹಾಕಿ, ಆಮೇಲೆ ತಾನು ಮೀಯುವುದು. ಬಿಸಿಲಲ್ಲಿ ಎತ್ತಿಗೆ ಹೊಡೆದವನ ಗದ್ದೆ ಬೆಳೆಯುವುದಿಲ್ಲವೆಂದು ಅವರ ನಂಬಿಕೆ. ನಂಬಿಕೆ ನಿಜವೋ ಸುಳ್ಳೋ, ಎತ್ತಿಗೆ ವಿರಾಮ ಸಿಗುತ್ತಿತ್ತು. ಅನಂತರ ಗಾಳ ಹಿಡಿದು ಹೊಳೆಗೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನು ಹಿಡಿಯುವ ರಾತ್ರಿ ಅವರಿಗೆ ಹಬ್ಬಕ್ಕಿಂತ ದೊಡ್ಡದು. ಒಲೆಗೆ ಸೌದೆ ಇಲ್ಲವೆಂದು ಅಬ್ಬಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ದಿನಗಳೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಮುಂಬಯಿಯಲ್ಲಿದ್ದ ಆ ಒಂದು ವರ್ಷದ ಕಥೆ ಹೀಗೆ. 1963ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಊರಿನವರೊಬ್ಬರು ಅವರನ್ನು ಕೋಟೆ ಭಾಗದ ಒಂದು ಹೋಟೆಲಿಗೆ ತಂದು ಸೇರಿಸಿದರು. ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಮೇಜುಗಳ ಮೇಲೆಯೇ ನಿದ್ದೆ. ಸಂಬಳದ ಬಗೆಗಾಗಲಿ ಬೈಗುಳದ ಬಗೆಗಾಗಲಿ ಅವರು ನಮ್ಮಲ್ಲಿ ಎಂದೂ ದೂರಿಕೊಂಡವರಲ್ಲ. ಆಕಾಶ ಕಾಣುತ್ತಿರಲಿಲ್ಲ ಎಂಬುದೊಂದೇ ಅವರ ದೂರು. ಮರುವರ್ಷ ಮೊದಲ ಮಳೆ ಬಿದ್ದ ದಿನ ಮೋರಿಯ ಪಕ್ಕದ ಕಿಟಕಿಯಿಂದ ಮಣ್ಣಿನ ವಾಸನೆ ಬಂತಂತೆ. ಊರಲ್ಲಿ ಬೀಜ ಹಾಕುವ ಹೊತ್ತಾಯಿತೆಂದು ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟೇಬಿಟ್ಟರು. ಇಷ್ಟು ಬೇಗ ಸೋತು ಬಂದನೆಂದು ಊರವರು ನಕ್ಕರು.

ಬಂದು ಹಿಡಿದ ಗದ್ದೆ ಸ್ವಂತದ್ದಲ್ಲ, ಚಾಲಗೇಣಿಯದು. ಬಾಯಿ ಮಾತಿನ ಗೇಣಿ. ವರ್ಷಕ್ಕೆ ಹನ್ನೆರಡು ಮುಡಿ ಅಕ್ಕಿ ಧಣಿಯ ಮನೆಗೆ ಅಳೆದು ಕೊಟ್ಟು ಉಳಿದದ್ದರಲ್ಲಿ ಆಸಾಡಿ ತಿಂಗಳು ದಾಟುವುದೇ ಕಷ್ಟ. ಕೊಟ್ಟ ಅಕ್ಕಿಗೆ ರಸೀದಿ ಇಲ್ಲ. 1961ರ ಭೂ ಸುಧಾರಣೆ ಕಾಯಿದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಯಿತು. ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತನ್ನ ಹಕ್ಕನ್ನು ಭೂ ನ್ಯಾಯಮಂಡಳಿಯ ಮುಂದೆ ಸ್ಥಾಪಿಸಿಕೊಳ್ಳಬೇಕಾಗಿತ್ತು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಷನ್ ಕೊಡುವುದು’ ಎನ್ನುತ್ತಿದ್ದರು. ಅರ್ಜಿ ಕೊಡಲು ಅನೇಕರು ಹೆದರಿದರು. ಧಣಿಯ ಉಪ್ಪುಂಡು ಧಣಿಯ ಮೇಲೆ ಅರ್ಜಿಯೇ ಎಂಬ ಮಾತು ಒಂದು ಕಡೆ, ನಾಳೆ ಕಷ್ಟಕ್ಕೆ ಅಕ್ಕಿ ಯಾರು ಕೊಡುತ್ತಾರೆಂಬ ಭಯ ಇನ್ನೊಂದು ಕಡೆ. ಅಪ್ಪಯ್ಯ ಕೊಟ್ಟರು.

ವಿಚಾರಣೆಯ ದಿನ ಆ ಗದ್ದೆ ತಮ್ಮ ಸ್ವಂತ ಸಾಗುವಳಿಯದೆಂದೂ ಇವನು ಬರಿಯ ಕೂಲಿಯೆಂದೂ ಧಣಿಯ ಕಡೆಯವರು ಹೇಳಿದರು. ನ್ಯಾಯಮಂಡಳಿಯಲ್ಲಿ ವಕೀಲರು ಹಾಜರಾಗಬಾರದೆಂಬ ನಿಯಮ ಆಗ ಇದ್ದುದರಿಂದ ಅವರವರ ಮಾತು ಅವರವರೇ ಆಡಬೇಕು. ಅಪ್ಪಯ್ಯನಿಗೆ ಅಕ್ಷರ ಬಾರದು. ಪುರಾವೆ ಏನಿದೆಯೆಂದು ಕೇಳಿದಾಗ ಗದ್ದೆಯನ್ನೇ ಹೇಳತೊಡಗಿದರಂತೆ. ತೋಡಿನ ನೀರು ಯಾವ ಮೂಲೆಯಲ್ಲಿ ಒಳಗೆ ಬರುತ್ತದೆ, ಯಾವ ಕಂಟದಲ್ಲಿ ಏಡಿ ಬಿಲ ತೋಡಿ ಸೋರುತ್ತದೆ, ಎಲ್ಲಿ ನೇಗಿಲಿಗೆ ಕಲ್ಲು ತಾಗುತ್ತದೆ, ಯಾವ ಗದ್ದೆಯಲ್ಲಿ ಮೊಣಕಾಲು ತನಕ ಹೂತುಹೋಗುತ್ತದೆ, ಸುಗ್ಗಿ ಬೆಳೆಗೆ ಯಾವುದು ಆಗುತ್ತದೆ, ಯಾವುದು ಆಗದು. ಅದೇ ಪ್ರಶ್ನೆಗಳನ್ನು ಎದುರಿನವರಿಗೆ ಕೇಳಿದಾಗ ಅವರಿಗೆ ಗದ್ದೆಗೆ ಇಳಿಯುವ ದಾರಿಯೇ ತಿಳಿದಿರಲಿಲ್ಲ. ನೆರೆಯವರಿಬ್ಬರು ಬಂದು ಸಾಕ್ಷಿ ನುಡಿದರು. ಗದ್ದೆ ಅಪ್ಪಯ್ಯನ ಹೆಸರಿಗಾಯಿತು.

ಅಪ್ಪಯ್ಯನ ಹೆಸರಿಗೆ, ಅಷ್ಟೇ. ಅಗೆ ಕಿತ್ತವಳು, ನಟ್ಟಿ ನೆಟ್ಟವಳು, ಗೊಬ್ಬರ ಹೊತ್ತವಳು ಅಬ್ಬಿ. ಅವಳ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ನ್ಯಾಯಮಂಡಳಿ ಅವಳನ್ನು ಕೇಳಿದ್ದರೆ ಇನ್ನಷ್ಟು ಹೇಳುತ್ತಿದ್ದಳು.

ಈ ಕಥೆ ನನ್ನ ಕೆಲಸಕ್ಕೆ ಒದಗಿದ್ದುಂಟು. ಕೆಲವು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರು ಗ್ರಾಚ್ಯುಯಿಟಿ ಕೇಳಿದಾಗ, ಇವರು ನಮ್ಮಲ್ಲಿ ಇರಲೇ ಇಲ್ಲವೆಂದು ಹೋಟೆಲಿನವರು ಹೇಳಿಬಿಟ್ಟರು. ಹದಿನಾಲ್ಕು ವರ್ಷ ದುಡಿದವರ ಕೈಯಲ್ಲಿ ನೇಮಕದ ಚೀಟಿಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ನಾನು ಅವರನ್ನು ಕೂರಿಸಿಕೊಂಡು ಅಡಿಗೆಮನೆಯನ್ನು ಹೇಳಿಸಿದೆ: ಯಾವ ನಲ್ಲಿ ಸೋರುತ್ತದೆ, ರುಬ್ಬುವ ಯಂತ್ರ ಯಾವ ವರ್ಷ ಬಂತು, ಯಾವ ಭಟ್ಟಿಯ ಇಟ್ಟಿಗೆ ಯಾರ ಕಾಲದಲ್ಲಿ ಬಿತ್ತು. ಎರಡು ಹಾಳೆ ತುಂಬಿತು. ಜೊತೆಗಾರರ ಸಾಕ್ಷಿಯೂ ಸೇರಿತು. ಹಾಳೆ ನೋಡಿದ ಮೇಲೆ ಅವರು ಮಾತುಕತೆಗೆ ಬಂದರು. ಸಿಕ್ಕಿದ್ದು ಪೂರ್ತಿ ಹಣವಲ್ಲ. ಆದರೆ ‘ಇರಲೇ ಇಲ್ಲ’ ಎಂಬ ಮಾತು ನಿಂತಿತು.

ಗಿರಣಿಯ ಹಿರಿಯರಿಗೆ ಒಂದು ಸಂಗತಿ. 1982ರ ಮುಷ್ಕರದ ತರುವಾಯ ಕೆಲಸ ಹೋಗಿ ನಮ್ಮೂರಿಗೆ ಹಿಂದಿರುಗಿದವರೊಬ್ಬರಿದ್ದರು. ಮಗ್ಗದ ಮುಂದೆ ನಿಂತು ನಿಂತು ನೇಗಿಲು ಹಿಡಿಯುವುದು ಮರೆತಿತ್ತು. ಆ ಮಳೆಗಾಲವೆಲ್ಲ ಅಪ್ಪಯ್ಯ ಅವರನ್ನು ತನ್ನ ಹೂಟಿಯ ಹಿಂದೆಯೇ ನಡೆಸಿಕೊಂಡು ಕಲಿಸಿದರೆಂದು ಅಕ್ಕ ಹೇಳುತ್ತಾಳೆ. ಕಲಿಸುವಾಗ ಬೈಗುಳವೂ ಧಾರಾಳವಾಗಿತ್ತಂತೆ.

ಐವರು ಮಕ್ಕಳಲ್ಲಿ ಕೊನೆಯವನಾದ ನಾನು ಮುಂಬಯಿಗೆ ಬಂದೆ. 2012ರಲ್ಲಿ ಅಪ್ಪಯ್ಯ ನನ್ನನ್ನು ನೋಡಲು ಬಂದರು. ಆಗ ನಾನು ಬೆಳಿಗ್ಗೆ ಐದಕ್ಕೆ ಭಟ್ಟಿ ಹಚ್ಚಿದರೆ ರಾತ್ರಿ ಹನ್ನೊಂದಕ್ಕೆ ಬಿಡುಗಡೆ. ವಾರದ ರಜೆ ಇಲ್ಲ. ವಾರಕ್ಕೊಂದು ದಿನ ರಜೆ ಕೊಡಬೇಕೆಂದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲೇ ಬರೆದಿತ್ತು, 2017ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿತು. ಆಗ ನನಗೆ ಕಾಯಿದೆಯ ಹೆಸರೂ ತಿಳಿಯದು. ಅಪ್ಪಯ್ಯ ಮೂರು ದಿನ ಹೋಟೆಲಿನ ಹಿಂಬಾಗಿಲ ಹತ್ತಿರ ಕುಳಿತು ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಹೊರಡುವಾಗ ಕೇಳಿದರು: “ಎತ್ತಿಗೂ ಬಿಡು ಹೊತ್ತ್ ಇತ್ತ್, ನಿಂಗಿಲ್ಯಾ ಮಗಾ?” ನಾನು ಸಂಘಕ್ಕೆ ಮೊದಲ ಚಂದಾ ಕಟ್ಟಿದ್ದು ಅದರ ಮರುತಿಂಗಳು.

ಮೊಮ್ಮಕ್ಕಳ ಜೊತೆ ಅವರು ಬೇರೆಯೇ ಮನುಷ್ಯ. ನಮಗೆ ಸಿಕ್ಕದ ಸಲಿಗೆಯೆಲ್ಲ ಅವರಿಗೆ ಸಿಕ್ಕಿತು. ರಜೆಯಲ್ಲಿ ನನ್ನ ಮಗಳು ಹೋದರೆ ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿ ಅವಳನ್ನು ಕೆರೆಗೆ ಇಳಿಸುತ್ತಿದ್ದರು. ಕೆಸರಿನಲ್ಲಿ ಮೂಡಿದ ಹೆಜ್ಜೆ ನೋಡಿ ಹಂದಿಯದೋ ಮುಳ್ಳುಹಂದಿಯದೋ ಎಂದು ಹೇಳಿಸುತ್ತಿದ್ದರು. ಒಮ್ಮೆ ಮುಂಬಯಿಯಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ಕೇಳಿದ್ದಕ್ಕೆ, “ಎದುರಿನ ಬಿಲ್ಡಿಂಗಿನ ಹಿಂದೆ, ಅಜ್ಜ” ಎಂದಳು. ಮರುದಿನ ನಸುಕಿನಲ್ಲಿ ಎಬ್ಬಿಸಿ ಗುಡ್ಡೆಯ ತುದಿಗೆ ಕರೆದುಕೊಂಡು ಹೋದರು.

ಡಾಕ್ಟರರ ಬಳಿ ಹೋಗುವ ಮನುಷ್ಯನಲ್ಲ. ಅದೊಂದು ಹಟದಿಂದ ಮನೆಯವರನ್ನೆಲ್ಲ ಬಹಳ ಗೋಳಾಡಿಸಿದರು. ಕಳೆದ ತಿಂಗಳು ಮಲಗಿದಾಗ ಅಕ್ಕನ ಫೋನು ಬಂತು. ಮತ್ಸ್ಯಗಂಧ ರೈಲು ಹಿಡಿದು ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದೆ. ಒಳಕೋಣೆಯಲ್ಲಿ ಉಸಿರು ಕಟ್ಟುತ್ತದೆಂದು ಚಾಪೆಯನ್ನು ಹೊರ ಜಗಲಿಗೆ ಹಾಕಿಸಿಕೊಂಡಿದ್ದರು. ಮಾತು ಸ್ಪಷ್ಟವಾಗಿಯೇ ಇತ್ತು. ಬಾವಿಯಲ್ಲಿ ನೀರೆಷ್ಟಿದೆಯೆಂದು ಕೇಳಿದರು, ನಾನು ಹೋಗಿ ನೋಡಿ ಬಂದು ಹೇಳಿದೆ. ಸಾಕು, ಮಳೆ ಬರುವ ತನಕ ಆಗುತ್ತದೆಂದರು. ಆ ರಾತ್ರಿಯೇ ಹೋದರು.

ಇನ್ನು ಗದ್ದೆಯ ಮಾತು. ನಮ್ಮ ಬೈಲಿನಲ್ಲಿ ಈಗ ಹಡಿಲು ಬಿದ್ದ ಗದ್ದೆಗಳೇ ಹೆಚ್ಚು. ಎತ್ತುಗಳು ಹೋಗಿ ಬಹಳ ಕಾಲವಾಯಿತು, ಉಳುಮೆ ಟಿಲ್ಲರಿನದು. ನಟ್ಟಿಗೆ ಜನ ಸಿಗುವುದಿಲ್ಲ. ಈ ವರ್ಷ ಬಿಡುವುದು ಬೇಡವೆಂದು ಅಕ್ಕ ಬೀಜ ತೆಗೆದಿಟ್ಟಿದ್ದಾಳೆ. ಆರಿದ್ರಾ ಮಳೆಗೆ ನಟ್ಟಿ. ಅದಕ್ಕೆ ನನಗೆ ಹನ್ನೆರಡು ದಿನ ರಜೆ ಬೇಕು. ಆ ದಿನಗಳಲ್ಲಿ ಸಂಜೆ ಏಳರಿಂದ ಒಂಬತ್ತರ ಪರ್ಯಂತ ಕಚೇರಿ ತೆರೆದು ಸದಸ್ಯರ ದೂರು ಬರೆದುಕೊಳ್ಳಲು ಇಬ್ಬರು ಬೇಕಾಗಿದ್ದಾರೆ. ಒಪ್ಪುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.