ನಾಳೆ ಬಾ ಎನ್ನುವವರಿಗೆ ಒಂದು ಚೀಟಿ

ಕಾಂಗೇಯಂ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಇಲ್ಲಿನ ಎತ್ತು, ಶಿವನ್‌ಮಲೆಯ ಮುರುಗ, ಕೊಬ್ಬರಿ ಎಣ್ಣೆ, ಅಕ್ಕಿ ಗಿರಣಿ. ಆ ಗಿರಣಿಯ ಗೋದಾಮಿನಲ್ಲಿ ಜೇಡರ ಬಲೆ ತೆಗೆಯುವವರು, ಮದುವೆ ಮಂಟಪದ ಎಂಜಲು ನೆಲ ತೊಳೆಯುವವರು, ಮಹಡಿ ಮೇಲಿನ ನೀರಿನ ಟ್ಯಾಂಕಿನ ಪಾಚಿ ಕೆರೆಯುವವರು ಯಾರ ನೆನಪಿಗೂ ಬರುವುದಿಲ್ಲ. ಇವರಲ್ಲಿ ಯಾರ ಬಳಿಯೂ ಸಂಬಳಕ್ಕಿರದೆ, ತಾವೇ ಕೆಲಸ ಹಿಡಿದು, ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ ಮಾಡಿಕೊಡುವವರಿದ್ದಾರೆ. ಅವರಿಗೆ ಬರಬೇಕಾದ ಬಾಕಿ ಹಣದ ವಿಷಯವೇ ಇವತ್ತಿನ ಮಾತು. ನಾನು ವಕೀಲನಲ್ಲ, ನಿವೃತ್ತ ಬ್ಯಾಂಕ್ ಗುಮಾಸ್ತ. ಕೌಂಟರಿನ ಹಿಂದೆ ಕುಳಿತು ತಿಳಿದುಕೊಂಡದ್ದನ್ನು ಹೇಳುತ್ತೇನೆ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹ ಇರುತ್ತದೆ ಎಂಬುದು ನಂಬಿಕೆ. ದುಡಿದವರನ್ನೂ ಹೀಗೆಯೇ ಸಾಗಹಾಕುತ್ತಾರೆ. 'ನಾಳೆಕ್ಕು ವಾಂಗ' ಎನ್ನುತ್ತಾರೆ. ನಾಳೆ ಹೋದರೆ ಮುದಲಾಳಿ ಊರಿನಲ್ಲಿಲ್ಲ. ನಾಡಿದ್ದು ಹೋದರೆ ಲೆಕ್ಕ ಬರೆಯುವವರು ರಜೆ.

ಇದರಲ್ಲಿ ಯಾರಿಗೆ ಎಷ್ಟು ನಷ್ಟ? ಒಂದು ಲೆಕ್ಕ ನೋಡೋಣ. ಗೋದಾಮು ತೊಳೆಯಲು ನೀವು 6,000 ರೂಪಾಯಿಗೆ ಒಪ್ಪಿದ್ದೀರಿ ಎಂದಿಟ್ಟುಕೊಳ್ಳಿ. ಮೂರು ದಿನದ ಕೆಲಸ. ಜೊತೆಗೆ ಬಂದ ಇಬ್ಬರಿಗೆ ದಿನಕ್ಕೆ 500ರಂತೆ 3,000. ಫಿನಾಯಿಲ್, ಬ್ಲೀಚಿಂಗ್ ಪುಡಿ, ಪೊರಕೆಗೆ 600. ಜೊತೆಯವರ ಕೂಲಿಯನ್ನು ಸಂಜೆಗೇ ಕೊಡಬೇಕು. ಆ 3,600ನ್ನು ತಿಂಗಳಿಗೆ ನೂರಕ್ಕೆ 5ರಂತೆ ಕೈಸಾಲ ತಂದರೆ ತಿಂಗಳ ಬಡ್ಡಿ 180. ಗಿರಣಿಯವರು ಮೂರು ತಿಂಗಳು ತಳ್ಳಿದರೆ ಬಡ್ಡಿಯೇ 540. ನಿಮ್ಮ ಪಾಲಿಗೆ ಉಳಿಯಬೇಕಾಗಿದ್ದ 2,400ರಲ್ಲಿ ಉಳಿಯುವುದು 1,860. ಅದೇ ಗಿರಣಿಯವರು ಬ್ಯಾಂಕಿಗೆ ಬಂದು ಸಾಲ ತೆಗೆದರೆ ಜಾಮೀನೂ ಬೇಕು, ಬಡ್ಡಿಯೂ ಬೇಕು. ನಿಮ್ಮಿಂದ ತೆಗೆದ ಸಾಲಕ್ಕೆ ಎರಡೂ ಇಲ್ಲ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಜಗಳವಾಡಿದರೆ ಸಣ್ಣ ಊರಿನಲ್ಲಿ ಮುಂದಿನ ಕೆಲಸ ತಪ್ಪುತ್ತದೆ ಎಂಬ ನಿಮ್ಮ ಭಯ ನಿಜವಾದದ್ದೇ. ಆದ್ದರಿಂದ ಬಾಯಿಯ ಕೆಲಸವನ್ನು ಕಾಗದಕ್ಕೆ ಒಪ್ಪಿಸಿ.

ಕೆಲಸ ಹಿಡಿಯುವ ದಿನವೇ ಒಂದು ಚೀಟಿ ಬರೆಯಿರಿ. ಏನು ಕೆಲಸ, ಎಷ್ಟು ಹಣ, ಮುಂಗಡ ಎಷ್ಟು, ಉಳಿದದ್ದು ಯಾವ ತಾರೀಖಿಗೆ, ಯಾರು ಕೊಡುವವರು, ಈ ಐದು ಸಾಕು. ನಮ್ಮಲ್ಲಿ ಬಹಳ ಮಂದಿಗೆ ಮಾತು ಕನ್ನಡ, ಓದುಬರಹ ತಮಿಳು. ನಿಮ್ಮ ಸ್ವಂತ ಲೆಕ್ಕ ಯಾವ ಭಾಷೆಯಲ್ಲಾದರೂ ಇರಲಿ, ಚೀಟಿ ಮಾತ್ರ ತಮಿಳಿನಲ್ಲಿರಲಿ. ಹಣ ಕೊಡುವವರು ಓದಿ ಸಹಿ ಹಾಕಿದ ಚೀಟಿಗೇ ಬೆಲೆ. ಸಹಿ ಕೇಳಲು ಸಂಕೋಚವಾದರೆ ಅದನ್ನೇ ವಾಟ್ಸಾಪಿನಲ್ಲಿ ಕಳುಹಿಸಿ, 'ಸರಿ' ಎಂದು ಉತ್ತರ ತರಿಸಿಕೊಳ್ಳಿ. ಮುಂಗಡವಾಗಿ ಸಾಮಾನು ಮತ್ತು ಕೂಲಿಯಷ್ಟಾದರೂ ಕೇಳಿ. ಆಗ ಬಾಕಿ ತಡವಾದರೂ ಸಾಲ ತರಬೇಕಾಗುವುದಿಲ್ಲ.

ಕೆಲಸದ ಮಧ್ಯೆ 'ಹಾಗೆಯೇ ಆ ಟ್ಯಾಂಕನ್ನೂ ತೊಳೆದುಬಿಡಮ್ಮಾ' ಎನ್ನುವವರಿದ್ದಾರೆ. 'ಆಗಲಿ ಅಣ್ಣಾ, ಚೀಟಿಯಲ್ಲಿ ಸೇರಿಸಿಬಿಡೋಣ' ಎಂದರೆ ಸಾಕು, ಮನಸ್ತಾಪವಿಲ್ಲ. ಆದರೆ ಮಲದ ಗುಂಡಿಗೆ ಇಳಿಯಿರಿ ಎಂದರೆ ಎರಡರಷ್ಟು ಹಣ ಕೊಟ್ಟರೂ ಒಪ್ಪಬೇಡಿ. ರಕ್ಷಣೆಯಿಲ್ಲದೆ ಅಲ್ಲಿಗೆ ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅಲ್ಲಿ ಹೋಗುವುದು ಕೂಲಿಯಲ್ಲ, ಪ್ರಾಣ.

ಕೇಳುವ ಕಾಲವನ್ನೂ ನೋಡಬೇಕು. ಆಡಿ ತಿಂಗಳಲ್ಲಿ ಮದುವೆಯಿಲ್ಲ, ಮಂಟಪಕ್ಕೆ ವರಮಾನವಿಲ್ಲ. ಮಾರ್ಗಳಿಯಲ್ಲೂ ಹಾಗೆಯೇ. ಮಂಟಪದ ಬಾಕಿಯನ್ನು ಆ ತಿಂಗಳು ಹುಟ್ಟುವ ಮೊದಲೇ ವಸೂಲು ಮಾಡಿಕೊಳ್ಳಿ. ಹಳೆಯ ಬಾಕಿ ತೀರುವವರೆಗೆ ಅದೇ ಮನೆಯ ಹೊಸ ಕೆಲಸ ಹಿಡಿಯಬೇಡಿ.

ಇನ್ನು ಚೆಕ್ಕು. ಚೆಕ್ಕು ಕೈಗೆ ಬಂದರೆ ಹಣ ಬಂದಂತೆ ಎಂದು ಬೀರುವಿನಲ್ಲಿ ಇಟ್ಟುಬಿಡುವವರನ್ನು ನಾನು ಬಹಳ ಕಂಡಿದ್ದೇನೆ. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ 3 ತಿಂಗಳು ಮಾತ್ರ. 6 ತಿಂಗಳು ಎಂಬುದು 2012ರ ಏಪ್ರಿಲ್ 1ಕ್ಕೇ ಮುಗಿಯಿತು. ಹಣವಿಲ್ಲವೆಂದು ಚೆಕ್ಕು ತಿರುಗಿ ಬಂದರೆ ಬ್ಯಾಂಕು ಕೊಡುವ ಸಣ್ಣ ಮೆಮೊವನ್ನು ಜೋಪಾನ ಮಾಡಿ. ವಿಷಯ ತಿಳಿದ 30 ದಿನದೊಳಗೆ ಹಣ ಕೊಡಿರೆಂದು ಲಿಖಿತ ನೋಟೀಸು ಕಳುಹಿಸಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ನೋಟೀಸು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬೇಕು. ಇದು ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮು. 2 ವರ್ಷದವರೆಗೆ ಸೆರೆ, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಚೆಕ್ಕು ನ್ಯಾಯವಾದ ಬಾಕಿಗೆ ಕೊಟ್ಟದ್ದೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಆಗ ಆ ಮೊದಲ ದಿನದ ಚೀಟಿಯೇ ನಿಮ್ಮ ಸಾಕ್ಷಿ.

ಇನ್ನೊಂದು ಕಾಯಿದೆ ಉಂಟು, ಬಹಳ ಮಂದಿಗೆ ತಿಳಿಯದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ. ಪೊರಕೆ ಹಿಡಿದು ಸ್ವಂತ ದುಡಿಮೆ ಮಾಡುವವರದೂ ಅದರ ಲೆಕ್ಕದಲ್ಲಿ ಸೇವಾ ಉದ್ಯಮವೇ. 2020ರ ಜುಲೈ 1ರಿಂದ ಇದಕ್ಕೆ 'ಉದ್ಯಮ್' ನೋಂದಣಿ ಬಂದಿದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಆಗುತ್ತದೆ, ಸರಕಾರಕ್ಕೆ ಶುಲ್ಕವಿಲ್ಲ. ಕೆಲಸ ಹಿಡಿಯುವುದಕ್ಕೆ ಮೊದಲೇ ಮಾಡಿಸಿಕೊಂಡಿರುವುದು ಒಳ್ಳೆಯದು. ನೋಂದಾಯಿಸಿದವರ ಹಣವನ್ನು, ಬರೆದ ಕರಾರಿದ್ದರೂ, 45 ದಿನಕ್ಕಿಂತ ಹೆಚ್ಚು ತಡೆಯುವಂತಿಲ್ಲ. ಕರಾರಿಲ್ಲದಿದ್ದರೆ ಕೆಲಸ ಒಪ್ಪಿಕೊಂಡ 15 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ದ ಮೂರರಷ್ಟು ಚಕ್ರಬಡ್ಡಿ. ಆ ದರ ನೂರಕ್ಕೆ 6 ಇದ್ದರೆ ನಿಮಗೆ ಬರುವುದು 18. ನಮ್ಮ 6,000ಕ್ಕೆ ತಿಂಗಳಿಗೆ ಸುಮಾರು 90 ರೂಪಾಯಿ. ಕೈಸಾಲದ 180ಕ್ಕೆ ಅದು ಸಾಲದು, ನಿಜ. ಆದರೆ ತಡಮಾಡುವುದು ಪುಕ್ಕಟೆಯಲ್ಲ ಎಂದು ತೋರಿಸಲು ಸಾಕು. ದೂರು ಕೇಳಲು ಕೌನ್ಸಿಲ್ ಇದೆ. ತಿರುಪ್ಪೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ನ್ಯಾಯಾಲಯಕ್ಕೆ ಹೋಗಲು ಹಣವೆಲ್ಲಿ ಎನ್ನುತ್ತೀರಾ? 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದೂ ಉಂಟು. ಒಂದು ಎಚ್ಚರಿಕೆ: ಕೆಲಸ ಮುಗಿದು 3 ವರ್ಷ ಕಳೆದರೆ ದಾವೆಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ 'ಇಷ್ಟು ಬಾಕಿಯಿದೆ' ಎಂದು ಬರೆದು ಸಹಿ ಮಾಡಿಕೊಟ್ಟರೆ ಆ ದಿನದಿಂದ ಮತ್ತೆ 3 ವರ್ಷ.

ಇಷ್ಟೆಲ್ಲ ಕಾನೂನು ಕೇಳಿ ಹೆದರಬೇಡಿ. ಚೀಟಿ ಇದೆ ಎಂದು ಗೊತ್ತಾದರೆ ಸಾಕು, ಅನೇಕರ ಮುದಲಾಳಿ ಅದೇ ದಿನ ಊರಿಗೆ ಬಂದುಬಿಡುತ್ತಾರೆ. ಬಾಕಿ ಕೇಳುವುದು ಬೇಡುವುದಲ್ಲ. ನಿಮ್ಮ ಜೊತೆ ಬಕೆಟ್ಟು ಹೊತ್ತು ಬಂದವಳ ಕೂಲಿಯೂ ಅದರಲ್ಲಿ ಸೇರಿದೆ. ಅವಳಿಗಾಗಿಯಾದರೂ ತಲೆಯೆತ್ತಿ ಕೇಳಿ.