ಸಾಧನ ಬಂದರೆ ಸಾಲದು, ಮಗುವಿನ ಕೈಗೆ ತಲುಪಬೇಕು

(ಬಸವೇಶ್ವರನಗರ ವಲಯದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕಾಮಾಕ್ಷಿಪಾಳ್ಯ, ಮಂಜುನಾಥನಗರ, ಕಮಲಾನಗರ, ಕುರುಬರಹಳ್ಳಿ ಕಡೆಯಿಂದೆಲ್ಲ ಬಂದಿದ್ದೀರಿ. ಗಾರ್ಮೆಂಟ್ಸ್ ಕೆಲಸ ಮುಗಿಸಿ ನೇರವಾಗಿ ಬಂದವರೂ ಇದ್ದೀರಿ. ಮನೆಗೆ ಹೋಗಿ ಒಲೆ ಹಚ್ಚಬೇಕು ಅನ್ನೋ ಯೋಚನೆ ನಿಮಗಿದೆ, ನನಗೆ ಗೊತ್ತು. ಅದಕ್ಕೆ ಉದ್ದದ ಪೀಠಿಕೆ ಬೇಡ, ವಿಷಯಕ್ಕೆ ಬರೋಣ.

ಇವತ್ತಿನ ವಿಷಯ: ನಮ್ಮ ಬಡಾವಣೆಯ ವಿಶೇಷ ಅಗತ್ಯವುಳ್ಳ ಮಕ್ಕಳು ಮತ್ತು ನಮ್ಮ ಸರ್ಕಾರಿ ಶಾಲೆ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ, ಕಲಿಕೆ ನಿಧಾನವಾದ ಮಕ್ಕಳಿಗೆ ಶಿಕ್ಷಣ ಇಲಾಖೆ ಏನು ಕೊಡುತ್ತೆ? ಇಲಾಖೆ ಜೊತೆ ಯಾರ್ಯಾರು ಕೈಜೋಡಿಸಿದ್ದಾರೆ? ಹೊಸ ತಂತ್ರಜ್ಞಾನದಿಂದ ಏನು ಉಪಯೋಗ? ಇದರಲ್ಲಿ ಸಂಘದ ಕೆಲಸ ಏನು?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಇವರೆಲ್ಲ ಎಲ್ಲೋ ದೂರದಲ್ಲಿ ಇರೋದಿಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮ ವಠಾರದಲ್ಲೇ ಇದ್ದಾರೆ. ಬಾಗಿಲು ಮುಚ್ಚಿರುತ್ತೆ, ಅದಕ್ಕೆ ಕಾಣಿಸೋದಿಲ್ಲ.

ಕಾನೂನು ಏನು ಹೇಳುತ್ತದೆ?

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕು. 2012ರ ತಿದ್ದುಪಡಿ ಪ್ರಕಾರ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವ ಹಕ್ಕನ್ನೂ ಪಡೆಯಿತು. ಇದಕ್ಕೆ ಗೃಹಾಧಾರಿತ ಶಿಕ್ಷಣ ಅಂತಾರೆ.

ಆಮೇಲೆ 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಇದರಲ್ಲಿ 21 ರೀತಿಯ ವೈಕಲ್ಯಗಳಿವೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ, ಪುಸ್ತಕ ಮತ್ತು ಅಗತ್ಯ ಸಾಧನ ಸಲಕರಣೆ ಕೊಡಬೇಕು ಅಂತ ಈ ಕಾಯ್ದೆ ಹೇಳುತ್ತೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಯಾವುದೇ ಇರಲಿ, ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. "ಇಂಥ ಮಗುವಿಗೆ ನಮ್ಮಲ್ಲಿ ಜಾಗ ಇಲ್ಲ" ಅಂತ ಹೇಳಿ ಕಳಿಸುವ ಹಾಗಿಲ್ಲ.

ಇಲಾಖೆಯಲ್ಲಿ ಯಾರನ್ನು ಕೇಳಬೇಕು?

ಜಿಲ್ಲೆಗೆ ಉಪನಿರ್ದೇಶಕರು, ವಲಯಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಶಿಕ್ಷಕರ ತರಬೇತಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿ. ನಮಗೆ ಮುಖ್ಯವಾದದ್ದು ಈ ಬಿಆರ್‌ಸಿ. ವಿಶೇಷ ಅಗತ್ಯದ ಮಕ್ಕಳಿಗೆ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು ಅಲ್ಲಿರ್ತಾರೆ. ಬಿಐಇಆರ್‌ಟಿ ಅಂತ ಅವರನ್ನು ಕರೀತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ. ಶಾಲೆಯಲ್ಲಿ "ನಮಗೆ ಗೊತ್ತಿಲ್ಲ" ಅಂದರೆ, "ಬಿಐಇಆರ್‌ಟಿ ಮೇಡಂ ಯಾವ ದಿನ ಬರ್ತಾರೆ?" ಅಂತ ಕೇಳಿ. ಮಾತಿನ ಧಾಟಿಯೇ ಬದಲಾಗುತ್ತೆ.

2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚು ಮಾಡಲು ಅವಕಾಶ ಇಟ್ಟರು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನವನ್ನೂ ಸೇರಿಸಿದರು. ದೊಡ್ಡ ಮೊತ್ತ ಅಲ್ಲ. ಆದರೆ ಮಗುವಿನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅದೂ ಬರೋದಿಲ್ಲ.

ಕೈಜೋಡಿಸಿದವರು

ಇಲಾಖೆಯೊಂದೇ ಎಲ್ಲವನ್ನೂ ಮಾಡಲಾರದು. ಊಟದ ವಿಷಯ ನೋಡಿ. 2000ದಲ್ಲಿ ನಮ್ಮ ಪಕ್ಕದ ರಾಜಾಜಿನಗರದ ಇಸ್ಕಾನ್ ಕಡೆಯಿಂದ ಅಕ್ಷಯ ಪಾತ್ರ ಶುರುವಾಯಿತು. ಆಗ ಅದು 5 ಶಾಲೆಗಳ 1,500 ಮಕ್ಕಳಿಗೆ ಊಟ. 2002-03ರಲ್ಲಿ ರಾಜ್ಯ ಸರ್ಕಾರದ ಅಕ್ಷರ ದಾಸೋಹ ಬಂತು. ಸಮುದಾಯ, ಸರ್ಕಾರ ಎರಡೂ ಸೇರಿದ್ದರಿಂದ ಇಷ್ಟು ಮಕ್ಕಳ ತಟ್ಟೆಗೆ ಅನ್ನ ಬಿತ್ತು.

ವಿಕಲಚೇತನ ಮಕ್ಕಳ ವಿಷಯದಲ್ಲೂ ಬೆಂಗಳೂರಿಗೆ ಒಳ್ಳೆಯ ಭಾಗ್ಯ ಇದೆ. ಎ.ಪಿ.ಡಿ. ಸಂಸ್ಥೆ 1959ರಿಂದ ಇದೆ. ಮಿತ್ರ ಜ್ಯೋತಿ 1990ರಿಂದ, ಸಮರ್ಥನಂ 1997ರಿಂದ ಕೆಲಸ ಮಾಡ್ತಿವೆ. ಮಿತ್ರ ಜ್ಯೋತಿಯವರು ಪಾಠಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಅಂಧ ಮಕ್ಕಳಿಗೆ ಕೊಟ್ಟವರು. 2017ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಹುಟ್ಟಿದ ವಿಷನ್ ಎಂಪವರ್ ಸಂಸ್ಥೆ ಅಂಧ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವ ಕೆಲಸ ಹಿಡಿಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿದ್ಯಾ ಅವರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. "ಕಣ್ಣಿಲ್ಲದವರಿಗೆ ಲೆಕ್ಕ ಯಾಕೆ?" ಅನ್ನುವವರಿಗೆ ಅವರ ಬದುಕೇ ಉತ್ತರ.

ಆರೋಗ್ಯ ಇಲಾಖೆಯೂ ಇದರಲ್ಲಿದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ತಪಾಸಣೆ ಮಾಡುತ್ತೆ. ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆ ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನ ಕೊಡುತ್ತೆ. ಇದಕ್ಕೆ ಶಿಬಿರಗಳು ನಡೀತವೆ.

ಡಬ್ಬಿಯಲ್ಲೇ ಉಳಿದ ಸಾಧನ

ಇಷ್ಟೆಲ್ಲ ಇದ್ದೂ ಎಲ್ಲಿ ತಪ್ಪುತ್ತೆ? ಮನೆ ಭೇಟಿಯಲ್ಲಿ ಕಂಡ ಒಂದು ಸಂಗತಿ ಹೇಳ್ತೀನಿ. ಹೆಸರು, ಬೀದಿ ಬೇಡ. ಹತ್ತು ವರ್ಷದ ಹುಡುಗಿ, ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ. ಶಿಬಿರದಲ್ಲಿ ಶ್ರವಣ ಸಾಧನ ಕೊಟ್ಟಿದ್ದರು. ಅದು ಬೀರುವಿನ ಮೇಲೆ ಡಬ್ಬಿಯಲ್ಲೇ ಇತ್ತು. ಬ್ಯಾಟರಿ ಮುಗಿದು ಎಷ್ಟೋ ತಿಂಗಳಾಗಿತ್ತು, ಎಲ್ಲಿ ಸಿಗುತ್ತೆ ಅಂತ ಮನೆಯವರಿಗೆ ಗೊತ್ತಿಲ್ಲ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತೆ, ಒಳಗಿಡುವ ಅಚ್ಚು ಚಿಕ್ಕದಾಗಿ ನೋಯ್ತಿತ್ತು. ಶಾಲೆಯಲ್ಲಿ ಅವಳಿಗೆ ಹಿಂದಿನ ಬೆಂಚು. "ದಡ್ಡಿ" ಅಂತ ಹೆಸರು ಬೇರೆ. ಆದರೆ ಕಾಗದದಲ್ಲಿ ಏನಿದೆ? "ಸಾಧನ ವಿತರಿಸಲಾಗಿದೆ" ಅಂತಿದೆ. ಕಾಗದದ ಪ್ರಕಾರ ಆ ಮಗುವಿನ ಸಮಸ್ಯೆ ಮುಗಿದಿದೆ.

ಆ ಬೀದಿಯ ಸಂಘದ ಮೂವರು ಹೆಂಗಸರು ಇದನ್ನು ಕೈಗೆತ್ತಿಕೊಂಡರು. ಒಬ್ಬರು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೋಗ್ತಿದ್ದರು, ಬ್ಯಾಟರಿ ಸಿಗೋ ಅಂಗಡಿ ವಿಚಾರಿಸಿಕೊಂಡು ಬಂದರು. ಇನ್ನೊಬ್ಬರು ತಾಯಿ ಜೊತೆ ಹೋಗಿ ಹೊಸ ಅಚ್ಚು ಮಾಡಿಸಿದರು. ಮೂರನೆಯವರು ಟೀಚರ್ ಹತ್ತಿರ ಮಾತಾಡಿ ಹುಡುಗಿಯನ್ನು ಮುಂದಿನ ಬೆಂಚಿಗೆ ಕೂರಿಸಿದರು. ಸಂಘಕ್ಕೆ ಆದ ಖರ್ಚು ಆಟೋ ಚಾರ್ಜು ಮಾತ್ರ. ಮಾತು ಇನ್ನೂ ಪೂರ್ತಿ ಸ್ಪಷ್ಟ ಆಗಿಲ್ಲ, ಅಭ್ಯಾಸ ನಡೀತಿದೆ. ಆದರೆ ಅವಳು ಶಾಲೆ ಬಿಡಲಿಲ್ಲ.

ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಸಾಧನ ಕೊಡುವವರು ಒಂದು ದಿನ ಬಂದು ಹೋಗ್ತಾರೆ. ಪ್ರತಿದಿನ ಆ ಮಗುವನ್ನು ನೋಡುವವರು ನೀವು. ಹಾಗಾಗಿ ಯಾವುದೇ ಶಿಬಿರಕ್ಕೆ ಹೋದಾಗ ಮೂರು ಪ್ರಶ್ನೆ ಕೇಳದೆ ವಾಪಸ್ ಬರಬೇಡಿ: ಇದನ್ನು ಬಳಸೋದು ಯಾರು ಕಲಿಸ್ತಾರೆ? ಕೆಟ್ಟರೆ ಎಲ್ಲಿ ರಿಪೇರಿ? ಯಾರಿಗೆ ಫೋನ್ ಮಾಡಬೇಕು?

ನಿಮ್ಮ ಕೈಯಲ್ಲಿರೋ ಫೋನು

ತಂತ್ರಜ್ಞಾನ ಅಂದರೆ ಲಕ್ಷಾಂತರ ರೂಪಾಯಿ ಯಂತ್ರ ಅಂತ ತಿಳ್ಕೋಬೇಡಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿ ಅನ್ನೋ ಕಡೆ ಹೋದರೆ ಟಾಕ್‌ಬ್ಯಾಕ್ ಅಂತ ಇರುತ್ತೆ. ಅದನ್ನು ಆನ್ ಮಾಡಿದರೆ ಪರದೆ ಮೇಲೆ ಇರೋದನ್ನು ಫೋನೇ ಓದಿ ಹೇಳುತ್ತೆ, ಕನ್ನಡದಲ್ಲೂ ಹೇಳುತ್ತೆ. ಒಂದು ಎಚ್ಚರಿಕೆ: ಆನ್ ಆದ ಮೇಲೆ ಒಮ್ಮೆ ಮುಟ್ಟಿದರೆ ಓದುತ್ತೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತೆ. ಇದು ಗೊತ್ತಿಲ್ಲದೆ ಫೋನ್ ಕೆಟ್ಟೋಯ್ತು ಅಂತ ಗಾಬರಿ ಆಗ್ತಾರೆ. ಬರೆಯಲು ಕೈ ಬಾರದ ಮಗು ಮಾತಾಡಿದರೆ ಅಕ್ಷರ ಮೂಡುವ ಸೌಲಭ್ಯವೂ ಕನ್ನಡಕ್ಕೆ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನೋ ಉಚಿತ ತಂತ್ರಾಂಶ ಇದೆ. 2006ರಲ್ಲಿ ಅದನ್ನು ಶುರು ಮಾಡಿದ್ದು ಆಸ್ಟ್ರೇಲಿಯಾದ ಅಂಧ ಯುವಕರು. ಶಾಲೆಯ ಪಠ್ಯಪುಸ್ತಕದಲ್ಲಿ ಚೌಕಾಕಾರದ ಕ್ಯೂಆರ್ ಗುರುತು ನೋಡಿರ್ತೀರಿ. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಹಿಡಿದರೆ ಆ ಪಾಠದ ವಿಡಿಯೋ ಸಿಗುತ್ತೆ.

ಫೋನ್ ಇಲ್ಲದೆಯೂ ಆಗುವ ಕೆಲಸ ಇದೆ. ಪೆನ್ಸಿಲ್ ಹಿಡಿಯಲು ಕಷ್ಟವಾದ ಮಗುವಿಗೆ ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಹೊಲಿಗೆ ಬಲ್ಲವರು ಬಟ್ಟೆ ಮೇಲೆ ಗುಂಡಿಗಳಿಂದ ಅಂಕಿಗಳನ್ನು ಹೊಲಿದರೆ ಕಣ್ಣು ಕಾಣದ ಮಗು ಮುಟ್ಟಿ ಕಲಿಯುತ್ತೆ. ಶಾಲೆ ಬಾಗಿಲಿಗೆ ಇಳಿಜಾರು ಕಟ್ಟಿಸುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಹತ್ತೋದಿಲ್ಲ, ಫೋಟೋಗೆ ಮಾತ್ರ ಇಳಿಜಾರು.

ಕರೋನಾ ಕಲಿಸಿದ್ದು

2020ರಲ್ಲಿ ಶಾಲೆ ಮುಚ್ಚಿದಾಗ ಜುಲೈನಿಂದ ಚಂದನ ಟಿ.ವಿ.ಯಲ್ಲಿ ಸಂವೇದ ಪಾಠ ಬಂತು. ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಟೀಚರ್‌ಗಳೇ ಮಕ್ಕಳಿದ್ದ ಕಡೆ ಬಂದು ಪಾಠ ಮಾಡಿದರು. ಅದು ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು. ಮನೆಯಲ್ಲಿ ಒಂದೇ ಫೋನು, ಅದೂ ಯಜಮಾನರ ಜೇಬಿನಲ್ಲಿ. ಅಣ್ಣನಿಗೆ ಕೊಟ್ಟು ಉಳಿದರೆ ತಂಗಿಗೆ. ಕಿವಿ ಕೇಳದ ಮಗುವಿನ ಸರದಿ ಬರಲೇ ಇಲ್ಲ.

ಗಡಿಯಾಚೆ ನಮ್ಮ ಕನ್ನಡದ ಮಕ್ಕಳಿರುವ ಕಾಸರಗೋಡಿನಲ್ಲಿ ಏನಾಯಿತು? ಕೇರಳದಲ್ಲಿ 2020ರ ಜೂನ್ 1ರಿಂದ ಫಸ್ಟ್ ಬೆಲ್ ಅನ್ನೋ ಟಿ.ವಿ. ಪಾಠ ಶುರುವಾಯಿತು, ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠ ತಯಾರಾದವು. ಟಿ.ವಿ. ಇಲ್ಲದ ಮಕ್ಕಳಿಗೆ ಗ್ರಂಥಾಲಯ, ಅಂಗನವಾಡಿಗಳಲ್ಲಿ ನೆರೆಹೊರೆ ಕಲಿಕಾ ಕೇಂದ್ರ ತೆರೆದರು. ಅಲ್ಲಿ 1998ರಿಂದ ಇರುವ ಕುಟುಂಬಶ್ರೀ ನಮ್ಮ ಹಾಗೇ ಹೆಂಗಸರ ಸಂಘ. ಆ ಸಂಘಗಳ ಮೂಲಕ ಸರ್ಕಾರಿ ಚಿಟ್ ಸಂಸ್ಥೆಯೊಂದು ವಿದ್ಯಾಶ್ರೀ ಯೋಜನೆ ತಂತು. ತಿಂಗಳಿಗೆ 500 ರೂಪಾಯಿಯಂತೆ 30 ತಿಂಗಳು ಕಟ್ಟಿದರೆ 15,000 ರೂಪಾಯಿಯ ಲ್ಯಾಪ್‌ಟಾಪ್. ಎಲ್ಲ ಸರಾಗ ಆಗಲಿಲ್ಲ, ಲ್ಯಾಪ್‌ಟಾಪ್ ತಡವಾಗಿ ಬಂದು ಜನ ಬೇಸರಪಟ್ಟರು. ಆದರೂ ಉಳಿತಾಯದ ಪುಸ್ತಕಕ್ಕೂ ಮಗುವಿನ ಪುಸ್ತಕಕ್ಕೂ ನಂಟು ಕಟ್ಟಬಹುದು ಅಂತ ತೋರಿಸಿದರು. ನಾವು ಕಲಿಯಬೇಕಾದ್ದು ಅದು.

ಎಸ್‌ಡಿಎಂಸಿಯಲ್ಲಿ ನಮ್ಮ ಕುರ್ಚಿ

ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆತಾಯಿ ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧ ಹೆಂಗಸರು ಇರಬೇಕು. ಆದರೆ ಎಷ್ಟೋ ಕಡೆ ಹೆಂಗಸರ ಸಹಿ ಇರುತ್ತೆ, ಹೆಂಗಸರು ಇರೋದಿಲ್ಲ. ಪುಸ್ತಕ ಮನೆಗೆ ಬರುತ್ತೆ, ಸಹಿ ಹಾಕಿ ಕಳಿಸ್ತಾರೆ. ಹಾಗೆ ಮಾಡಬೇಡಿ. ಸಂಘದಲ್ಲಿ ಲೆಕ್ಕ ಕೇಳೋ ನಿಮಗೆ ಶಾಲೆಯ ಲೆಕ್ಕ ಕೇಳೋದು ಕಷ್ಟವಲ್ಲ. ಸಭೆಗೆ ಹೋಗಿ, ಇಳಿಜಾರು, ಶೌಚಾಲಯ, ಬಿಐಇಆರ್‌ಟಿ ಭೇಟಿ ಈ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಉಳಿಯೋದಿಲ್ಲ.

ಸಂಘ ಮಾಡಬಹುದಾದ ಕೆಲಸಗಳು

1. ಪ್ರತಿ ಸಂಘವೂ ತನ್ನ ಬೀದಿಯ ಮಕ್ಕಳ ಪಟ್ಟಿ ಮಾಡಲಿ. ಶಾಲೆಗೆ ಹೋಗದ ಮಗು, ಹೋಗಿಯೂ ಕಲಿಯದ ಮಗು, ಮನೆಯಲ್ಲೇ ಇರುವ ಮಗು. ತಾಯಿಗೆ ನೋವಾಗದ ಹಾಗೆ ಮಾತಾಡಿಸಿ. ಪಾಪ-ಪುಣ್ಯ, ಕರ್ಮ ಅನ್ನೋ ಮಾತು ಬೇಡ.

2. ಯುಡಿಐಡಿ ಕಾರ್ಡ್ ಮಾಡಿಸಿ. 2021ರ ಜೂನ್‌ನಿಂದ ವೈಕಲ್ಯ ಪ್ರಮಾಣಪತ್ರ ಆನ್‌ಲೈನ್ ಮೂಲಕವೇ. ಆಧಾರ್, ಫೋಟೋ, ವಿಳಾಸದ ದಾಖಲೆ ಜೊತೆಗಿರಲಿ. ಕಂಪ್ಯೂಟರ್ ಬಲ್ಲ ನಿಮ್ಮ ಮಗಳು ಅಥವಾ ಮಗ ಅರ್ಜಿ ತುಂಬಿಕೊಡಲಿ.

3. ಆಸ್ಪತ್ರೆಗೆ ಹೋಗುವ ದಿನ ತಾಯಿಯ ಕೂಲಿ ಹೋಗುತ್ತೆ. ಆ ದಿನಕ್ಕೆ ಸಂಘದಿಂದ ಬಡ್ಡಿ ಇಲ್ಲದ ಸಣ್ಣ ಸಾಲ ಕೊಡೋಣ ಅಂತ ಠರಾವು ಮಾಡಿ. ಜೊತೆಗೆ ಒಬ್ಬರು ಹೋಗಿ.

4. ಎಸ್‌ಎಸ್‌ಎಲ್‌ಸಿ ಓದುವ ಮಗು ಇದ್ದರೆ ವರ್ಷದ ಆರಂಭದಲ್ಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಉತ್ತರ ಬರೆಯುವ ಸಹಾಯಕರು, ಹೆಚ್ಚಿನ ಸಮಯ ಸಿಗುತ್ತೆ. ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಿದರೆ ಕಷ್ಟ.

5. ಸೇರಿಸಿಕೊಳ್ಳಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ. ಬಿಇಒ ಕಚೇರಿ, ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇವೆ. ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಿ.

ಸಹೋದರಿಯರೇ, ಸಂಘ ಶುರು ಮಾಡಿದಾಗ ವಾರಕ್ಕೆ ಹತ್ತು ರೂಪಾಯಿ ಉಳಿಸಿದ್ದೀರಿ. ಅದರಿಂದ ಏನಾಗುತ್ತೆ ಅಂತ ನಕ್ಕವರಿದ್ದರು. ಇವತ್ತು ಬ್ಯಾಂಕಿನವರು ನಿಮಗೆ ಕುರ್ಚಿ ಹಾಕ್ತಾರೆ. ಅದೇ ತಾಳ್ಮೆ ಈ ಕೆಲಸಕ್ಕೂ ಬೇಕು. ಈ ವರ್ಷ ಪ್ರತಿ ಸಂಘ ಒಂದೇ ಒಂದು ಮಗುವಿನ ಜವಾಬ್ದಾರಿ ತಗೊಳ್ಳಲಿ. ಬರುವ ಶನಿವಾರದ ಸಭೆಯಲ್ಲಿ ಆ ಮಗು ಯಾರು ಅಂತ ತೀರ್ಮಾನ ಮಾಡಿ, ಪುಸ್ತಕದಲ್ಲಿ ಬರೆದು ನಮಗೂ ತಿಳಿಸಿ.



ಸಂಘದಲ್ಲಿ ಚರ್ಚಿಸಲು:

1. ನಮ್ಮ ಬೀದಿಯಲ್ಲಿ ಶಾಲೆಗೆ ಹೋಗದ ವಿಶೇಷ ಅಗತ್ಯದ ಮಗು ಇದೆಯೇ? ಕಾರಣವೇನು?
2. ನಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿರುವ ಹೆಂಗಸರು ಯಾರು? ಕಳೆದ ಸಭೆಗೆ ಅವರು ಹೋಗಿದ್ದರೇ?
3. ಯಾರ ಮನೆಯಲ್ಲಾದರೂ ಬಳಸದೆ ಇಟ್ಟಿರುವ ಸಾಧನ ಇದೆಯೇ? ಅದನ್ನು ಮತ್ತೆ ಬಳಕೆಗೆ ತರಲು ಏನು ಮಾಡಬೇಕು?